ಮಾತ್ರೆಯ ಬೆಲೆ ಏರೋದು ಎಲ್ಲಿ?

ಮೆಡಿಕಲ್ ಶಾಪ್ ಬಿಲ್ ನೋಡಿ ಗಾಬರಿಯಾಯ್ತಾ? ಅಂಗಡಿಯವರನ್ನ ಬೈಯೋಕೆ ಮುಂಚೆ ಇದನ್ನ ಕೇಳಿ.

ಕಂಪನಿಯಿಂದ ಹೊರಟ ಮಾತ್ರೆ ಸ್ಟಾಕಿಸ್ಟ್ ದಾಟಿ ಅಂಗಡಿಗೆ ಬರುತ್ತೆ. ಅಗತ್ಯ ಔಷಧಗಳ ಪಟ್ಟಿಯಲ್ಲಿದ್ರೆ ಗರಿಷ್ಠ ಬೆಲೆಯನ್ನ ಸರ್ಕಾರವೇ ನಿಗದಿ ಮಾಡುತ್ತೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಅದರಲ್ಲಿ ಅಂಗಡಿಯ ಖರೀದಿ ಬೆಲೆಯ ಮೇಲೆ ಶೇ. 16 ಲಾಭ ಸೇರಿರುತ್ತೆ. ಪಟ್ಟಿಯಲ್ಲಿ ಇಲ್ದಿದ್ರೆ? ಮೊದಲ ಬೆಲೆ ಸಾಮಾನ್ಯವಾಗಿ ಕಂಪನಿ ಹೇಳಿದ್ದೇ. ಆಮೇಲೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸೋ ಹಾಗಿಲ್ಲ, ಅಷ್ಟೇ.

ಅಸಲಿ ಆಟ ಇರೋದು ಇಲ್ಲಿ. ದುಡ್ಡು ಕೊಡೋರು ನೀವು, ಆದ್ರೆ ಬ್ರ್ಯಾಂಡ್ ಆರಿಸೋರು ಚೀಟಿ ಬರೆಯೋ ಡಾಕ್ಟರು, ಇಲ್ಲಾ ಅಂಗಡಿಯವರು. ಹಾಗಾಗಿ ಎಷ್ಟೋ ಸಲ ಕಂಪನಿಗಳ ಪೈಪೋಟಿ ನಿಮಗೆ ಬೆಲೆ ಇಳಿಸೋಕಲ್ಲ, ಅಂಗಡಿಗೆ ಮಾರ್ಜಿನ್ ಹೆಚ್ಚಿಸೋಕೆ. 2019ರಲ್ಲಿ 42 ಕ್ಯಾನ್ಸರ್ ಔಷಧಗಳ ಮಾರ್ಜಿನ್‌ಗೆ ಸರ್ಕಾರ ಶೇ. 30ರ ಮಿತಿ ಹಾಕ್ತು. ಕೆಲವು ಬ್ರ್ಯಾಂಡ್‌ಗಳ ಎಂ.ಆರ್.ಪಿ. ಶೇ. 80ಕ್ಕೂ ಹೆಚ್ಚು ಕುಸೀತು! ಅಲ್ಲೀವರೆಗೂ ರೋಗಿಗಳು ಕಟ್ಟಿದ್ದು ಏನಕ್ಕೆ, ನೀವೇ ಹೇಳಿ.

ಇನ್ನು ಸರ್ಕಾರಿ ಯೋಜನೆಯ ಜನೌಷಧಿ ಕೇಂದ್ರಗಳಿಗೆ ಟೆಂಡರ್ ಮೂಲಕ ಸಗಟು ಖರೀದಿ ನಡೆಯುತ್ತೆ. ಅದಕ್ಕೇ ಎಷ್ಟೋ ಮಾತ್ರೆ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತೆ. ಆದ್ರೆ ಎಲ್ಲ ಊರಲ್ಲೂ ಕೇಂದ್ರ ಇಲ್ಲ, ಇದ್ದಲ್ಲೂ ಬೇಕಾದ ಮಾತ್ರೆ ಯಾವಾಗಲೂ ಇರಲ್ಲ.

ಮುಂದಿನ ಸಲ ಡಾಕ್ಟರ ಹತ್ರ, ಬ್ರ್ಯಾಂಡ್ ಜೊತೆ ಔಷಧದ ಮೂಲ ಹೆಸರನ್ನೂ ಬರೆಸ್ಕೊಳ್ಳಿ; ಆ ಹೆಸರು ಹಿಡಿದು ಕಡಿಮೆ ಬೆಲೆಯದ್ದನ್ನ ಹುಡುಕಬಹುದು. ಅವರನ್ನ ಕೇಳದೆ ಮಾತ್ರೆ ಮಾತ್ರ ಬದಲಾಯಿಸಬೇಡಿ.