ಕಾರಿನ ಹೊಳಪು: ಲೇಪನವೂ ಲೆಕ್ಕವೂ

ಹೊಸ ಕಾರನ್ನು ಕೊಳ್ಳುವಾಗ ‘ಪೇಂಟ್ ಪ್ರೊಟೆಕ್ಷನ್’ ಎಂಬ ಬಾಬ್ತು ಸಾವಿರಾರು ರೂಪಾಯಿಗಳ ಲೆಕ್ಕದಲ್ಲಿ ಬಿಲ್ಲಿಗೆ ಸೇರುವುದುಂಟು. ಅದು ಬರಿಯ ಸೀಲೆಂಟ್ ಲೇಪನವಾಗಿದ್ದರೆ, ಸಂಸ್ಥೆಯ ಚಾಲಕನೇ ಆ ಕೆಲಸವನ್ನು ಮಾಡಬಲ್ಲನು.

ಬ್ರೆಜಿಲ್ ದೇಶದ ತಾಳೆಜಾತಿಯ ಮರದಿಂದ ದೊರೆಯುವ ಕಾರ್ನೌಬಾ ಮೇಣಕ್ಕಿಂತ ಕೃತಕ ಪಾಲಿಮರ್ ಸೀಲೆಂಟ್ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ. ಕಾರನ್ನು ತೊಳೆದು, ಪೂರ್ಣವಾಗಿ ಒರೆಸಿ, ನೆರಳಿನಲ್ಲಿ ಮೈ ತಣ್ಣಗಾದ ಮೇಲೆ ಸ್ಪಂಜಿನಿಂದ ತೆಳುವಾಗಿ ಸವರಬೇಕು. ಲೇಪನವು ಒಣಗಿ ಮಸುಕಾದ ನಂತರ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಉಜ್ಜಿದರೆ ಹೊಳಪು ಬರುತ್ತದೆ. ದಪ್ಪವಾಗಿ ಬಳಿದವರಿಗೆ ಸರಕೂ ನಷ್ಟ, ಶ್ರಮವೂ ನಷ್ಟ. ಬಣ್ಣದ ಮೇಲೆ ನಿಲ್ಲುವುದು ತೆಳು ಪದರವೊಂದೇ, ಮಿಕ್ಕಿದ್ದು ಒರೆಸುವ ಬಟ್ಟೆಯ ಪಾಲು. ಗೀರುಗಳನ್ನು ತೆಗೆಯುವುದು ಪಾಲಿಶಿನ ಕೆಲಸ, ಸೀಲೆಂಟಿನದಲ್ಲ.

ಬಳಕೆಯಲ್ಲಿರುವ ಕಾರಿಗೆ ತಗಲುವ ಇಂತಹ ಖರ್ಚು ನಿರ್ವಹಣಾ ವೆಚ್ಚವೇ ಹೊರತು ಬಂಡವಾಳ ವೆಚ್ಚವಲ್ಲ. ಆದರೆ ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ನಿರ್ವಹಣಾ ಸೇವೆಗೆ ತೆತ್ತ ಜಿ.ಎಸ್.ಟಿ.ಗೆ, ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ಮುಂತಾದ ವ್ಯವಹಾರಗಳನ್ನುಳಿದು, 17(5)ನೇ ಕಲಮಿನಂತೆ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯದು. ಸರಕು ಸಾಗಣೆ ವಾಹನಗಳಿಗೆ ಈ ನಿರ್ಬಂಧವಿಲ್ಲ. ಆದುದರಿಂದ ಎರಡೂ ಬಗೆಯ ವಾಹನಗಳಿರುವವರು ಬಿಲ್ಲುಗಳನ್ನು ಪ್ರತ್ಯೇಕವಾಗಿ ಪಡೆಯುವುದು ಒಳಿತು.