ಗಂಟೆ ಹೊಡೆಯೋ ಅಸ್ಥಿಪಂಜರದ ಊರು

ಗಂಟೆ ಹೊಡೆಯೋ ಅಸ್ಥಿಪಂಜರ ನೋಡಿದ್ದೀರಾ?
ಹಾಗಾದ್ರೆ ಬನ್ನಿ, ಪ್ರಾಗ್‌ಗೆ.
ಚೆಕ್ ದೇಶದ ರಾಜಧಾನಿ.
ಕೈಯಲ್ಲಿರೋದು ಒಂದೇ ದಿನ.

ಬೆಳಕು ಹರಿಯೋ ಹೊತ್ತಿಗೇ
ಚಾರ್ಲ್ಸ್ ಸೇತುವೆಗೆ ಹೋಗಿಬಿಡಿ.
ಬಿಸಿಲೇರಿದ್ರೆ ಕಾಲಿಡೋಕೆ ಜಾಗ ಇರಲ್ಲ.
1357ರಲ್ಲಿ ಕಟ್ಟೋಕೆ ಶುರು ಮಾಡಿದ ಕಲ್ಲಿನ ಸೇತುವೆ.
ಎರಡೂ ಬದಿ ಸೇರಿ 30 ಪ್ರತಿಮೆ.
ಬಹುಪಾಲು ನಕಲು!
ಅಸಲಿಗಳಲ್ಲಿ ಹಲವು ಮ್ಯೂಸಿಯಂನಲ್ಲಿ ಭದ್ರ.

ಸೇತುವೆ ದಾಟಿ ಗುಡ್ಡ ಹತ್ತಿ.
ಅಲ್ಲೇ ಕೋಟೆ.
ಕೋಟೆಯೊಳಗೆ ಸೇಂಟ್ ವೀಟಸ್ ಚರ್ಚ್.
ಕಟ್ಟೋಕೆ ಶುರು ಮಾಡಿದ್ದು 1344ರಲ್ಲಿ.
ಮುಗಿದಿದ್ದು?
1929ರಲ್ಲಿ!
ಮುತ್ತಜ್ಜನ ಮುತ್ತಜ್ಜ ಪಾಯ ತೋಡಿದ ಮನೆಗೆ
ಮರಿಮಗ ಬಂದು ಹಾಲುಕ್ಕಿಸಿದ ಹಾಗೆ.
ನಡುವೆ ಯುದ್ಧ ಬಂತು, ಕೆಲಸ ನಿಂತೇ ಹೋಯ್ತು.
ಶತಮಾನಗಟ್ಟಲೆ ಅರ್ಧಂಬರ್ಧ!
ಒಳಗೆ ಬಣ್ಣದ ಗಾಜಿನ ಕಿಟಕಿಗಳಿವೆ.
ಅವಸರ ಮಾಡ್ಬೇಡಿ.

ಮಧ್ಯಾಹ್ನ, ಹಳೇ ಪೇಟೆ ಚೌಕ.
ಗೋಡೆ ಮೇಲೆ 1410ರ ಗಡಿಯಾರ.
ಸೂರ್ಯ, ಚಂದ್ರ ಎಲ್ಲಿದ್ದಾರೆ ಅಂತಾನೂ ತೋರಿಸುತ್ತೆ.
ಗಂಟೆ ಆಗ್ತಿದ್ದಂಗೆ
ಅಸ್ಥಿಪಂಜರ ಹಗ್ಗ ಎಳೆಯುತ್ತೆ.
ಕಿಟಕಿಯಲ್ಲಿ ಯೇಸುವಿನ ಶಿಷ್ಯರು
ಒಬ್ಬೊಬ್ಬರಾಗಿ ಹಾದುಹೋಗ್ತಾರೆ.
ಕೊನೆಗೆ ಚಿನ್ನದ ಬಣ್ಣದ ಹುಂಜ, ಒಂದು ಕೂಗು.
ನಿಮಿಷದೊಳಗೆ ಆಟ ಖತಂ.

ನಿಜ ಹೇಳ್ಲಾ?
ನಂಗೆ ಗೊಂಬೆಗಳಿಗಿಂತ ಮಜಾ ಅನಿಸೋದು
ಬಾಯಿ ಬಿಟ್ಕೊಂಡು ಮೇಲೆ ನೋಡ್ತಾ ನಿಂತ ಜನ.
ಹಾಂ, ನೀವು ನೋಡುವಾಗ...
ಜೇಬು ಹುಷಾರು!