ಕೋಟೆ ಮತ್ತೆ ಎದ್ದಿತು, ಲಕ್ಷ್ಮಮ್ಮನ ಬಾಗಿಲು ಉಳಿಯಲಿಲ್ಲ

ಬೆಂಗಳೂರು: ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಅಂಗಡಿಗಳನ್ನು ದಾಟಿ ಚಾಮರಾಜಪೇಟೆಯ ಕಡೆಗೆ ಹೊರಟವರಿಗೆ, ಬಸ್ಸು ಆಟೋಗಳ ದಟ್ಟಣೆಯ ನಡುವೆ ಕಲ್ಲಿನ ಎತ್ತರದ ಗೋಡೆಯೊಂದು ಎದುರಾಗುತ್ತದೆ. ಅದೇ ಬೆಂಗಳೂರು ಕೋಟೆಯ ದೆಹಲಿ ಬಾಗಿಲು. ಚೂಪಾದ ಕಬ್ಬಿಣದ ಮೊಳೆಗಳನ್ನು ಹೊಡೆದ ಭಾರೀ ಕದ, ಒಳಗೆ ಕಮಾನುಗಳು, ಪುಟ್ಟ ಗಣಪತಿ ಗುಡಿ. ಒಂದು ಕಾಲದ ವಿಶಾಲ ಕೋಟೆಯಲ್ಲಿ ಇಂದು ಉಳಿದಿರುವುದು ಹೆಚ್ಚುಕಡಿಮೆ ಇಷ್ಟೇ.

ಇದನ್ನು ನೋಡಿದ ಅನೇಕರು ಕೆಂಪೇಗೌಡನ ಕೋಟೆಯನ್ನೇ ಕಂಡೆವೆಂದು ಭಾವಿಸುತ್ತಾರೆ. ಅದು ಪೂರ್ಣ ಸತ್ಯವಲ್ಲ. 1537ರಲ್ಲಿ ಯಲಹಂಕ ನಾಡಪ್ರಭು ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರಾಲಿಯು 1761ರಲ್ಲಿ ಕಲ್ಲಿನ ಕೋಟೆಯ ನಿರ್ಮಾಣ ಆರಂಭಿಸಿದ. ಅಂದರೆ ಈಗ ಕಾಣುವ ಬಾಗಿಲಿಗೂ ಕೆಂಪೇಗೌಡನಿಗೂ ನಡುವೆ ಎರಡು ಶತಮಾನಗಳ ಅಂತರವಿದೆ.

ಆದರೆ ಜನರ ಬಾಯಲ್ಲಿ ಉಳಿದಿರುವ ಐತಿಹ್ಯ ಮಣ್ಣಿನ ಕೋಟೆಯದ್ದು. ದಕ್ಷಿಣದ ಹೆಬ್ಬಾಗಿಲನ್ನು ಎಷ್ಟು ಬಾರಿ ಎತ್ತಿ ನಿಲ್ಲಿಸಿದರೂ ಕುಸಿದು ಬೀಳುತ್ತಿತ್ತಂತೆ. ಗರ್ಭಿಣಿಯ ಬಲಿಯಾಗದೆ ಬಾಗಿಲು ನಿಲ್ಲದೆಂದು ಜೋಯಿಸರು ನುಡಿದರು. ಕೆಂಪೇಗೌಡ ಅದಕ್ಕೆ ಒಪ್ಪಲಿಲ್ಲ. ತುಂಬು ಬಸುರಿಯಾಗಿದ್ದ ಸೊಸೆ ಲಕ್ಷ್ಮಮ್ಮ ನಡುರಾತ್ರಿ ಯಾರಿಗೂ ತಿಳಿಯದಂತೆ ಬಾಗಿಲ ಬಳಿ ಹೋಗಿ ತನ್ನ ಕೊರಳನ್ನು ತಾನೇ ಕತ್ತರಿಸಿಕೊಂಡಳು. ಮರುದಿನ ಬಾಗಿಲು ಭದ್ರವಾಗಿ ನಿಂತಿತ್ತು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಹಸಿ ಮಣ್ಣಿನ ಗೋಡೆ ಮಳೆಗೆ ನೆನೆದಾಗ ಭಾರವಾದ ಚೌಕಟ್ಟನ್ನೂ ಕದವನ್ನೂ ಹೊರಲಾರದೆ ಜರಿಯುವುದು ಸಹಜ. ಅದಕ್ಕೆ ಬಲಿಯ ಕಾರಣ ಬೇಕಿಲ್ಲ. ‘ಕೆರೆಗೆ ಹಾರ’ದಲ್ಲಿಯೂ ನೀರು ಬಾರದ ಕೆರೆಗೆ ಆಹುತಿಯಾಗುವವಳು ಕಿರಿಯ ಸೊಸೆ ಭಾಗೀರಥಿ. ದೂರದ ಅಲ್ಬೇನಿಯಾದ ರೊಜಾಫಾ ಕೋಟೆಯ ಕಥೆಯಲ್ಲಿ ಗೋಡೆಯೊಳಗೆ ಸೇರುವವಳೂ ಮನೆಗೆ ಬಂದ ಹೆಣ್ಣೇ. ಮನೆಮಗನನ್ನು ಕೇಳುವ ಜೋಯಿಸರು ಈ ಕಥೆಗಳಲ್ಲಿ ಕಾಣಸಿಗುವುದಿಲ್ಲ!

ಕಟ್ಟಡದೊಡನೆ ಕಥೆಯೂ ಪುನರ್ಜನ್ಮ ಪಡೆದ ನಿದರ್ಶನ ಚೀನಾದ ಹಾಂಗ್‌ಝೌ ನಗರದಲ್ಲಿದೆ. ಹತ್ತನೆಯ ಶತಮಾನದ ಲೈಫೆಂಗ್ ಪಗೋಡಾದ ಅಡಿಯಲ್ಲಿ, ಹೆಣ್ಣಿನ ರೂಪ ತಳೆದು ಮದುವೆಯಾಗಿದ್ದ ಬಿಳಿ ಹಾವನ್ನು ಭಿಕ್ಷುವೊಬ್ಬ ಬಂಧಿಸಿಟ್ಟನೆಂಬುದು ಅಲ್ಲಿನ ಐತಿಹ್ಯ. ಅದರ ಇಟ್ಟಿಗೆಗೆ ಮಹಿಮೆಯಿದೆಯೆಂದು ನಂಬಿದ ಜನ ಒಂದೊಂದಾಗಿ ಕಿತ್ತೊಯ್ದು, 1924ರಲ್ಲಿ ಪಗೋಡಾ ಉರುಳಿತು. 2002ರಲ್ಲಿ ಅದೇ ಸ್ಥಳದಲ್ಲಿ ಹೊಸ ಪಗೋಡಾ ಎದ್ದಿತು. ಬಿಳಿ ಹಾವಿನ ಕಥೆಗಾಗಿಯೇ ಅಲ್ಲಿಗೆ ಬರುವ ಪ್ರವಾಸಿಗರಿದ್ದಾರೆ.

ನಮ್ಮಲ್ಲಿ ಕಥೆ ಮತ್ತು ಕಟ್ಟಡ ಬೇರೆಯಾಗಿವೆ. ಕಲ್ಲಿನ ಕೋಟೆಯೂ 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೇನೆಗೆ ವಶವಾಯಿತು. ಮುಂದೆ ನಗರ ಬೆಳೆದಂತೆ ಗೋಡೆಗಳು ಕರಗಿದವು. ಬ್ರಿಟಿಷರು ನುಗ್ಗಿದ ಸ್ಥಳವನ್ನು ಸೂಚಿಸುವ ಫಲಕವೊಂದು ಕೋಟೆಯ ಗೋಡೆಯಲ್ಲಿದೆ. ಲಕ್ಷ್ಮಮ್ಮನ ಸ್ಮಾರಕವನ್ನು ನೋಡಲು ಮಾತ್ರ ಹಲವು ಕಿಲೋಮೀಟರ್ ದೂರದ ಕೋರಮಂಗಲಕ್ಕೇ ಹೋಗಬೇಕು. ಸೊಸೆಯ ನೆನಪಿಗೆ ಕೆಂಪೇಗೌಡ ಅಲ್ಲಿ ಗುಡಿ ಕಟ್ಟಿಸಿದನೆಂದು ಪ್ರತೀತಿ.

ದಕ್ಷಿಣದ ಬಾಗಿಲಂತೂ ಈಗಿಲ್ಲ. ಕೋಟೆಯ ಆಸುಪಾಸಿನಲ್ಲೇ 1935ರಿಂದ ವಾಣಿವಿಲಾಸ ಆಸ್ಪತ್ರೆಯಿದೆ. ನಗರದ ಬಡ ಬಸುರಿಯರು ಹೆರಿಗೆಗಾಗಿ ಹುಡುಕಿಕೊಂಡು ಬರುವುದು ಇಲ್ಲಿಗೇ.

ದೆಹಲಿ ಬಾಗಿಲು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಮೆಟ್ರೋದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು. ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ ವೆಂಕಟರಮಣಸ್ವಾಮಿ ದೇವಾಲಯ ಅಲ್ಲಿಂದ ಸಮೀಪ. ಬೆಳಗ್ಗೆ ಇವನ್ನು ಮುಗಿಸಿ ಮಧ್ಯಾಹ್ನ ಕೋರಮಂಗಲಕ್ಕೆ ಹೊರಡಬಹುದು.